ಫೋಟೋದಲ್ಲಿ ಮುಖ ಕೆಡುತ್ತಿದ್ದುದು ಸರಿಹೋದದ್ದು ಹೀಗೆ

ಗೋಳಗುಮ್ಮಟದ ಮುಂದೆ ಮಧ್ಯಾಹ್ನ ತೆಗೆದ ಫೋಟೋಗಳಲ್ಲೆಲ್ಲ ಕಣ್ಣ ಕೆಳಗೆ ಕಪ್ಪು, ಮೂಗು ದಪ್ಪ. ತಪ್ಪು ಮುಖದ್ದಲ್ಲ, ಬೆಳಕು ಮತ್ತು ದೂರದ್ದು. ಮೊಬೈಲು 2 ಅಡಿಯಲ್ಲಿದ್ದರೆ ಲೆನ್ಸಿಗೆ ಹತ್ತಿರದ ಮೂಗು ಉಬ್ಬಿ, ಕಿವಿ ಸಣ್ಣದಾಗಿ ಬೀಳುತ್ತವೆ. 7-8 ಅಡಿ ಹಿಂದೆ ಸರಿದು 2ರ ಜೂಮ್ ಇಟ್ಟಾಗ ಸರಿಹೋಯಿತು.

ನೆತ್ತಿ ಬಿಸಿಲಿಗೆ ಮದ್ದು ಅದೇ ವಿಜಯಪುರದ ಇನ್ನೊಂದು ಸ್ಮಾರಕ, ಇಬ್ರಾಹಿಂ ರೋಜಾದ ಕಮಾನು. ನೆರಳಿನ ಅಂಚಿನಿಂದ ಒಂದು ಹೆಜ್ಜೆ ಒಳಗೆ, ಹೊರಗೆ ಮುಖ ಮಾಡಿ ನಿಂತರೆ ಬೆಳಕು ಎದುರಿನಿಂದ ಮೆತ್ತಗೆ ಬರುತ್ತದೆ. ಹಿನ್ನೆಲೆ ಕತ್ತಲಾದ್ದರಿಂದ ಫೋನು ಮುಖವನ್ನು ಸುಣ್ಣ ಬಳಿದಂತೆ ಮಾಡೀತು. ಪರದೆಯಲ್ಲಿ ಮುಖ ಒತ್ತಿ, ಅಲ್ಲಿ ಮೂಡುವ ಸೂರ್ಯನ ಗುರುತನ್ನು ಚೂರು ಕೆಳಗೆಳೆಯಬೇಕು.

ಗದ್ದ ಒಳಗೆಳೆದರೆ ಜೋಡಿಗದ್ದ. ಮುಂದೆ ಚಾಚಿ, ತುಸು ತಗ್ಗಿಸಿ. ನಿಂತವರಿಗೆ ವಿಚಿತ್ರ ಅನಿಸುತ್ತದೆ, ಆದರೆ ಎದುರಿನಿಂದ ತೆಗೆದ ಫೋಟೋದಲ್ಲಿ ಗೊತ್ತೇ ಆಗದು. ಕಣ್ಣು ಮಿಟುಕಿಸುವವರು ಮುಚ್ಚಿಕೊಂಡೇ ಇದ್ದು, ‘ಮೂರು’ ಅಂದಾಗ ತೆರೆಯಲಿ.