ಕರಿಮೀನಿನ ಸಂಬಂಧ ನೋಡ್ಲಿಕ್ಕೆ ಹೋಗಿ ಮಾಡಿನ ಹಂಚು ಕಳ್ಕೊಂಡದ್ದು

ಇದಕ್ಕೆಲ್ಲ ಕಾರಣ ಜಪಾನಿನ ಒಂದು ಮೀನು. ಅಲ್ಲಿ ಅಮಾಮಿ ಓಶಿಮಾ ಅಂತ ದ್ವೀಪ ಉಂಟಲ್ಲ, ಅದರ ಹತ್ರ ಸಮುದ್ರದ ತಳದ ಮರಳಲ್ಲಿ ಯಾರೋ ಕೂತು ರಂಗೋಲಿ ಹಾಕಿದ ಹಾಗೆ ಎರಡು ಮೀಟರ್ ಅಗಲದ ಚಕ್ರ, 1995ರಲ್ಲೇ ಡೈವಿಂಗ್ ಮಾಡುವವರು ನೋಡಿದ್ರಂತೆ, ಆದ್ರೆ ಹಾಕಿದ್ದು ಯಾರು ಅಂತ ಹದಿನೈದು ವರ್ಷ ಕಳೆದ್ರೂ ಯಾರಿಗೂ ಗೊತ್ತಿರ್ಲಿಲ್ಲ. ಕೊನೆಗೆ ನೋಡಿದ್ರೆ ಗೇಣುದ್ದ ಸಹ ಇಲ್ಲದ ಒಂದು ಪಫರ್ ಮೀನು, ಹೆದರಿದ್ರೆ ಹೊಟ್ಟೆ ಉಬ್ಬಿಸ್ತದಲ್ಲ ಆ ಜಾತಿಯದ್ದು. ಅದು ಹೊಸ ಜಾತಿ ಅಂತ ಹೆಸರಿಟ್ಟದ್ದೇ 2014ರಲ್ಲಿ. ಗಂಡು ಒಂದೇ ಏಳರಿಂದ ಒಂಬತ್ತು ದಿನ ರೆಕ್ಕೆಯಲ್ಲಿ ಮರಳು ಉತ್ತು ಉತ್ತು ಸಾಲು ಮಾಡಿ, ದಿಬ್ಬದ ಮೇಲೆ ಚಿಪ್ಪಿನ ಚೂರು ಇಟ್ಟು ಅಲಂಕಾರ ಮಾಡ್ತದೆ, ಹೆಣ್ಣು ಬಂದು ನಡುವಿನ ನುಣುಪು ಮರಳು ನೋಡಿ ಮನಸ್ಸಾದ್ರೆ ಅಲ್ಲಿ ಮೊಟ್ಟೆ ಇಡ್ತದೆ, ಆ ಹೊತ್ತಿಗೆ ಗಂಡು ಹೆಣ್ಣಿನ ಎಡ ಕೆನ್ನೆ ಕಚ್ಚಿ ಹಿಡ್ಕೊಳ್ತದೆ. ಹೆಣ್ಣು ಮತ್ತೆ ತಿರುಗಿ ನೋಡುದಿಲ್ಲ, ಆರು ದಿನ ಮೊಟ್ಟೆ ಕಾಯುದು ಅಪ್ಪ. ಅಷ್ಟು ಚಂದದ ಚಕ್ರ ಮತ್ತೊಂದು ಸಲಕ್ಕೆ ಆಗುದೂ ಇಲ್ಲ, ಪುನಃ ಹೊಸತು.

ಆ ಮೀನಿನ ವಿಡಿಯೋ ಒಂದು ನೋಡಿ ನಂಗೆ ಮರುಳು ಹಿಡಿಯಿತು. ಸಮುದ್ರದ ತಳಕ್ಕೆ ಹೋಗುವ ಅಂದ್ರೆ ನಂಗೆ ಈಜು ಸಹ ಸರಿ ಬರುದಿಲ್ಲ. ಆದ್ರೆ ಹನ್ನೆರಡು ಹೊಳೆಯ ಜಿಲ್ಲೆ ನಮ್ಮ ಕಾಸರಗೋಡು, ಮನೆ ಹಿಂದೆಯೇ ಶಿರಿಯ ಹೊಳೆ, ಉಬ್ಬರಕ್ಕೆ ಕಡಲಿನ ನೀರು ನಮ್ಮ ತೆಂಗಿನ ಬುಡದವರೆಗೆ ಬರ್ತದೆ, ಅದರಲ್ಲಿ ಬೇಕಾದಷ್ಟು ಕರಿಮೀನು, ಇಂಗ್ಲಿಷಿನಲ್ಲಿ ಪರ್ಲ್ ಸ್ಪಾಟ್ ಅಂತಾರಲ್ಲ ಅದು. ಕೇರಳ ಸರಕಾರ 2010ರಲ್ಲಿ ಇದನ್ನು ರಾಜ್ಯದ ಮೀನು ಅಂತ ಮಾಡಿದೆ, ನಮಗೆ ಮಾತ್ರ ಅದು ಬಾಳೆಲೆಯಲ್ಲಿ ಸುತ್ತಿ ಕಾಯಿಸಿದ ಮೇಲೆಯೇ ಪರಿಚಯ. ಅದರ ಸಂಸಾರ ಹೇಗೆ ಅಂತ ಒಮ್ಮೆ ನೋಡುವ ಅಂತ ಹೊರಟೆ.

ಒಂದು ಹಳೇ ಆಕ್ಷನ್ ಕ್ಯಾಮೆರಾ ಇತ್ತು. ಮೊದಲ ವಾರ ಮಾಡಿದ್ದೆಲ್ಲ ಹಾಳು. ಇಳಿತದ ಹೊತ್ತಿಗೆ ಮೊಣಕಾಲು ನೀರಲ್ಲಿ ಇಳಿದು ಕ್ಯಾಮೆರಾ ಇಟ್ಟು ಬರುದು, ಆಮೇಲೆ ಲ್ಯಾಪ್‌ಟಾಪಿಗೆ ಹಾಕಿ ನೋಡಿದ್ರೆ ಒಂದು ಗಂಟೆ ಪೂರ್ತಿ ಚಾ ಬಣ್ಣ, ನಡುವಲ್ಲಿ ಒಮ್ಮೆ ಏಡಿಯ ಕಾಲು. ನಾನು ಇಳಿದದ್ದೇ ತಪ್ಪು, ಕಾಲಲ್ಲಿ ಕೆಸರು ಎದ್ದದ್ದು ಅಷ್ಟು ಬೇಗ ಕೂತ್ಕೊಳ್ಳುದಿಲ್ಲ. ನೀರು ತಿಳಿ ಇರುದು ಉಬ್ಬರ ತುಂಬಿ ನಿಲ್ತದಲ್ಲ ಆ ಸ್ವಲ್ಪ ಹೊತ್ತು, ಹೊರಗಿನ ಉಪ್ಪುನೀರು ಒಳಗೆ ಬಂದಿರ್ತದೆ, ಹರಿವು ಇರುದಿಲ್ಲ. ಹಾಗಾಗಿ ಆರಡಿ ಪಿವಿಸಿ ಪೈಪಿನ ತುದಿಗೆ ಕ್ಯಾಮೆರಾ ಕಟ್ಟಿ, ಕಟ್ಟೆಯ ಮೇಲಿಂದಲೇ ಮೆಲ್ಲ ಇಳಿಸ್ಲಿಕ್ಕೆ ಶುರು ಮಾಡಿದೆ. ಉಬ್ಬರದ ಹೊತ್ತು ದಿನಕ್ಕೆ ಸುಮಾರು ಐವತ್ತು ನಿಮಿಷ ಮುಂದೆ ಹೋಗ್ತದೆ, ಇವತ್ತು ಏಳು ಗಂಟೆಗೆ ಆದ್ರೆ ನಾಳೆ ಎಂಟಕ್ಕೆ ಹತ್ರ, ಮತ್ತೆರಡು ದಿನದಲ್ಲಿ ನನ್ನ ಅಂಗಡಿಯ ಶಟರ್ ತೆಗೆಯುವ ಹೊತ್ತೇ ಅದಕ್ಕೂ. ಕುಂಬಳೆಯಲ್ಲಿ ಗಿರಾಕಿಗಳು ಬಂದು ಹಿಂದೆ ಹೋದದ್ದಕ್ಕೆ ಲೆಕ್ಕ ಇಲ್ಲ.

ಪೈಪು ಕೆಸರಲ್ಲಿ ಹುಗಿದು ಹೋಗ್ತದೆ ಅಂತ ಅಡಿಗೆ ಒಂದು ಮಂಗಳೂರು ಹಂಚು ಕಟ್ಟಿದ್ದೆ. ಅಡುಗೆಕೋಣೆಯ ಮಾಡಿಗೆ ಅಂತ ಅಮ್ಮ ಎತ್ತಿಟ್ಟ ಹಂಚು ಅದು, ಕೇಳದೆ ತಗೊಂಡದ್ದು. ಐದನೇ ದಿನವೋ ಆರನೇ ದಿನವೋ ವಿಡಿಯೋದಲ್ಲಿ ಎರಡು ಮೀನು ಬಂದು ಹಂಚಿಗೆ ಬಾಯಿ ಹಾಕಿ ಹಾಕಿ ಉಗುಳ್ತಾ ಇದ್ದಾವೆ! ಪಾಚಿ ತಿನ್ನುದು ಅಂತ ತಿಳ್ಕೊಂಡೆ. ಮರುದಿನ ಸಹ ಅದೇ ಎರಡು, ಒಂದರ ಬಾಲದ ತುದಿ ಹರಿದಿತ್ತು, ಅದರಿಂದ ಗುರ್ತ ಸಿಕ್ಕಿದ್ದು. ನಾನೋ ಪ್ರತಿ ಸಲ ಹಂಚು ಸಮೇತ ಎಳೆದು ಮೇಲೆ ತರುದು.

ಪಕ್ಕದ ಮನೆಯ ಇಚ್ಚ ನಲ್ವತ್ತು ವರ್ಷದಿಂದ ಈ ಹೊಳೆಯಲ್ಲೇ ಬಲೆ ಬೀಸುವವರು. ವಿಡಿಯೋ ತೋರಿಸಿದೆ, ಬೀಡಿ ತೆಗೆದು ನಕ್ಕರು. "ಮೋನೇ, ಅದು ತಿನ್ನುದಲ್ಲ, ಮನೆ ಗುಡಿಸುದು. ಕೆಸರಲ್ಲಿ ಅದಕ್ಕೆ ಗಟ್ಟಿ ಜಾಗ ಎಲ್ಲುಂಟು, ಕಲ್ಲೋ ಮರದ ತುಂಡೋ ಸಿಕ್ಕಿದ್ರೆ ಪುಣ್ಯ. ಕಟ್ಟುವ ಮನೆಯ ಪಂಚಾಂಗ ನೀನು ದಿನಾ ಹೊತ್ಕೊಂಡು ಹೋದ್ರೆ ಯಾರು ಹೆಣ್ಣು ಕೊಡ್ತಾರೆ?"

ಆಮೇಲೆ ಹಂಚನ್ನು ಬಿಡಿಸಿ, ಎರಡು ಕೆಂಪುಕಲ್ಲಿಗೆ ಓರೆಯಾಗಿ ಒರಗಿಸಿ ಅಲ್ಲೇ ಬಿಟ್ಟೆ, ಕ್ಯಾಮೆರಾದ ಪೈಪನ್ನು ಬೇರೆಯೇ ಎರಡಡಿ ದೂರದಲ್ಲಿ ಇಳಿಸಿದೆ. ನಾನು ಮಾಡಿದ್ದರಲ್ಲಿ ಸರಿಯಾದ ಕೆಲಸ ಅಂದ್ರೆ ಇದೊಂದೇ.

ನಾಲ್ಕು ದಿನ ಒಂದೂ ಬರ್ಲಿಲ್ಲ. ಐದನೇ ದಿನ ಬಾಲ ಹರಿದದ್ದು ಹಾಜರ್, ಜೊತೆಗೆ ಇನ್ನೊಂದು. ಇದರಲ್ಲಿ ಗಂಡು ಯಾವುದು ಹೆಣ್ಣು ಯಾವುದು ಅಂತ ಹೊರಗಿಂದ ನೋಡಿದ್ರೆ ಹೇಳ್ಲಿಕ್ಕೆ ಕಷ್ಟ, ನವಿಲಿನ ಹಾಗೆ ಒಂದಕ್ಕೆ ಮಾತ್ರ ಅಲಂಕಾರ ಅಂತ ಇಲ್ಲ. ಒಂದು ಮುಂದೆ ಬಂದು ಮೈ ಅಡ್ಡ ಮಾಡಿ ನಿಲ್ತದೆ, ಬೆನ್ನಿನ ರೆಕ್ಕೆ ಪೂರ್ತಿ ಬಿಚ್ತದೆ, ತಲೆಯಿಂದ ಒಂದು ನಡುಕ ಶುರುವಾಗಿ ಮೈಯಿಡೀ ಓಡ್ತದೆ, ಆಗ ಮೈಮೇಲಿನ ಮುತ್ತಿನ ಚುಕ್ಕಿ ಒಮ್ಮೆಲೇ ಮಿನುಗ್ತದೆ, ನಮ್ಮಲ್ಲಿ ಮೈಮೇಲೆ ದೈವದ ದರ್ಶನ ಬರುವಾಗ ಪಾತ್ರಿಗೆ ಬರುವ ನಡುಕದ ಹಾಗೆಯೇ. ಇನ್ನೊಂದು ಸುಮ್ಮನೆ ನೋಡ್ತದೆ, ಮತ್ತೆ ಅದೂ ಅಡ್ಡ ನಿಂತು ನಡುಗ್ತದೆ. ಬಾಲದಿಂದ ನೀರು ತಳ್ಳಿ ಒಂದರ ಮೈಗೆ ಒಂದು ಹೊಡೀತದೆ. ಒಮ್ಮೆ ಬಾಯಿಗೆ ಬಾಯಿ ಕಚ್ಚಿ ಹಿಡಿದು ಎಳೆದಾಡಿದ್ದು ನೋಡಿ ಸಂಬಂಧ ಮುರಿಯಿತು ಅಂತಲೇ ಅಂದ್ಕೊಂಡೆ, ಅರ್ಧ ನಿಮಿಷ ಆಗುವಾಗ ಎರಡೂ ಒಟ್ಟಿಗೆ ಹಂಚು ಉಜ್ಜಲಿಕ್ಕೆ ಕೂತಿವೆ. ನಮ್ಮವರ ಹಾಗೆ ಸಜ್ಜಿಗೆ ಅವಲಕ್ಕಿ ತಿಂದು ಆಮೇಲೆ ತಿಳಿಸ್ತೇವೆ ಅಂತ ಎದ್ದು ಹೋಗುವ ಜಾತಿ ಅಲ್ಲ. ಜಪಾನಿನ ಮೀನಿನ ಹಾಗೆ ಚಿತ್ರ ಗಿತ್ರ ಇಲ್ಲ, ಆದ್ರೆ ಇಬ್ರೂ ಸೇರಿ ಗುಡಿಸುವ ಈ ವ್ಯವಹಾರವೇ ನಂಗೆ ಹೆಚ್ಚು ಇಷ್ಟ ಆದದ್ದು.

ನಡುನಡುವೆ ಪಳ್ಳತ್ತಿ ಅಂತ ಹಳದಿ ಬಣ್ಣದ ಒಂದು ಸಣ್ಣ ಮೀನು ಬರ್ತದೆ, ಅದನ್ನು ಕಂಡ್ರೆ ಎರಡೂ ಅಟ್ಟಿಸಿಕೊಂಡು ಹೋಗ್ತವೆ. ತಮಾಷೆ ಎಂತ ಅಂದ್ರೆ ಪಳ್ಳತ್ತಿಯ ಮರಿಗಳು ಬೇರೆ ಹೊತ್ತಲ್ಲಿ ಕರಿಮೀನಿನ ಮೈಯಿಂದ ಹುಳ ಗಿಳ ಹೆಕ್ಕಿ ಸ್ವಚ್ಛ ಮಾಡ್ತವೆ, ಅದೇ ಜಾತಿ ಸಮಯ ಸಿಕ್ಕಿದ್ರೆ ಇದರ ಮೊಟ್ಟೆ ತಿಂದು ಹಾಕ್ತದೆ.

ಮೊಟ್ಟೆ ಇಡುದು ಪೂರ್ತಿ ಸಿಗ್ಲಿಲ್ಲ ಮಾರ್ರೆ. ಹನ್ನೊಂದು ನಿಮಿಷ ಸಿಕ್ಕಿತು, ಒಂದು ಹಂಚಿನ ಅಡಿಭಾಗಕ್ಕೆ ಹೊಟ್ಟೆ ತಾಗಿಸಿ ಮೆಲ್ಲ ಸಾಗ್ತದೆ, ಹಿಂದೆಯೇ ಇನ್ನೊಂದು, ಹೀಗೆ ಸಾಲು ಸಾಲು, ಅಷ್ಟೊತ್ತಿಗೆ ಬ್ಯಾಟರಿ ಖಾಲಿ. ಮರುದಿನ ನೋಡಿದ್ರೆ ಕಂದು ಬಣ್ಣದ ಸಣ್ಣ ಸಣ್ಣ ಕಾಳು, ಪ್ರತಿಯೊಂದಕ್ಕೂ ಒಂದು ತೊಟ್ಟು, ಆ ತೊಟ್ಟಿಂದ ಹಂಚಿಗೆ ಅಂಟಿ ನೇತಾಡ್ತಾ ಉಂಟು. ಐನೂರಕ್ಕೆ ಕಮ್ಮಿ ಇರ್ಲಿಕ್ಕಿಲ್ಲ. ಅಪ್ಪ ಅಮ್ಮ ಪಾಳಿ ಹಾಕ್ಕೊಂಡು ಎದೆಯ ರೆಕ್ಕೆಯಲ್ಲಿ ಗಾಳಿ ಬೀಸಿದ ಹಾಗೆ ನೀರು ಬೀಸುದು, ಬೆಳ್ಳಗೆ ಆಗಿ ಸತ್ತ ಮೊಟ್ಟೆಯನ್ನು ಹೆಕ್ಕಿ ತೆಗೆಯುದು.

ನಾಲ್ಕನೇ ದಿನ ಹಂಚು ಖಾಲಿ. ಪಳ್ಳತ್ತಿ ನುಂಗಿತು ಅಂತ ಆ ದಿನ ಊಟ ಸಹ ಸರಿ ಸೇರ್ಲಿಲ್ಲ. ಇಚ್ಚನೇ ಹೇಳಿದ್ದು, ಹಂಚು ಬಿಟ್ಟು ನೆಲ ನೋಡು ಅಂತ. ಕ್ಯಾಮೆರಾ ಸ್ವಲ್ಪ ಕೆಳಗೆ ತಿರುಗಿಸಿ ಇಳಿಸಿದೆ. ಹಂಚಿನ ಪಕ್ಕ ಕೆಸರಲ್ಲಿ ಲೋಟದ ಬಾಯಿಯಷ್ಟು ಅಗಲದ ಗುಂಡಿಗಳು, ಮೊದಲೇ ಕಂಡಿತ್ತು, ಏಡಿಯ ಮಾಟೆ ಅಂತ ಬಿಟ್ಟಿದ್ದೆ. ಅದರೊಳಗೆ ಎಂತದೋ ಕುದೀತಾ ಉಂಟು, ಜೂಮ್ ಮಾಡಿದ್ರೆ ಮರಿಗಳು, ಈಜಲಿಕ್ಕೆ ಬಾರದೆ ಬಾಲ ಮಾತ್ರ ಅಲ್ಲಾಡಿಸ್ತಾ ಇದ್ದಾವೆ. ಒಡೆದ ಕೂಡ್ಲೇ ಬಾಯಲ್ಲಿ ಎತ್ತಿ ಅಲ್ಲಿಗೆ ಸಾಗಿಸಿದ್ದು. ಮತ್ತೊಂದು ವಾರ ಕಳೆದಾಗ ದೊಡ್ಡದೆರಡರ ನಡುವೆ ಹೊಗೆಯ ಹಾಗೆ ಒಂದು ಗುಂಪು ತೇಲಿಕೊಂಡು ಹೋದದ್ದು ಕಟ್ಟೆಯಿಂದಲೇ ಕಂಡಿತು.

ಏಪ್ರಿಲಿನಲ್ಲಿ ಅಮ್ಮ ಹಂಚು ಲೆಕ್ಕ ಮಾಡಿದ್ರು. ತೆಗೆಯುವ ಅಂತ ಹೋದ್ರೆ ಬೇರೆಯೇ ಒಂದು ಜೋಡಿ ಅದನ್ನು ಉಜ್ತಾ ಉಂಟು. ಅಡುಗೆಕೋಣೆಯ ಮಾಡಲ್ಲಿ ಆ ಒಂದು ಜಾಗಕ್ಕೆ ಈಗ ಹಳೇ ಫ್ಲೆಕ್ಸಿನ ತುಂಡು ಸಿಕ್ಕಿಸಿದ್ದೇನೆ, ಮಳೆ ಜೋರು ಬಂದ್ರೆ ಅಡಿಗೆ ಒಂದು ಬಾಲ್ದಿ.