ಬೆಳಕು ಕಂಡವರ ಮನೆಗೆ ಹೋಗುವಾಗ

ಗುರುತು ಸಿಗದ ಬೆಳಕು ಕಂಡಿತೆಂದು ಯಾರಾದರೂ ಹೇಳಿ ಕಳುಹಿಸಿದರೆ ಅದೇ ದಿನ ಹೊರಡಿ. ತಡವಾದಷ್ಟೂ ಅಕ್ಕಪಕ್ಕದವರ ಮಾತು ಅವರ ನೆನಪಿನೊಳಗೆ ಬೆರೆಯುತ್ತದೆ. ಇಬ್ಬರು ನೋಡಿದ್ದರೆ ಬೇರೆ ಬೇರೆಯಾಗಿ ಕೂರಿಸಿ ಕೇಳಿ. ಹಾರುವ ತಟ್ಟೆ ಎಂಬ ಮಾತನ್ನು ನೀವಾಗಿ ಎತ್ತಲೇಬೇಡಿ.

ತಾರೀಕು ನೆನಪಿಲ್ಲ ಎಂದರೆ ಕೈಬಿಡಬೇಡಿ. ಶಿಡ್ಲಘಟ್ಟದ ಬಳಿಯ ಹಳ್ಳಿಯೊಂದರಿಂದ ನನಗೆ ಸುದ್ದಿ ಬಂದದ್ದೇ ತಿಂಗಳು ಕಳೆದ ಮೇಲೆ. ಬೆಳಗಿನ ಜಾವ ರೇಷ್ಮೆಹುಳುವಿಗೆ ಸೊಪ್ಪು ಕೊಯ್ಯಲು ಹೊರಟ ಅಜ್ಜಿ ಗುಡ್ಡದ ಮೇಲೆ ಬೆಳಕು ನೋಡಿದ್ದರು. "ತಾರೀಕು ಯಾರಿಗೆ ಗೊತ್ತಮ್ಮಾ? ಹುಳು ನಾಲ್ಕನೇ ಜ್ವರದಿಂದ ಎದ್ದು ಎರಡು ದಿನವಾಗಿತ್ತು" ಎಂದರು. ಜ್ವರವೆಂದರೆ ಹುಳು ಮೇವು ಬಿಟ್ಟು ಪೊರೆ ಕಳಚುವ ಹೊತ್ತು. ಗೂಡು ಮಾರಿದ ಚೀಟಿ ತೆಗೆಸಿದೆ. ಗೂಡು ಬಿಡಿಸಿದ ದಿನ, ಗೂಡು ಕಟ್ಟಲು ಹುಳುವನ್ನು ಚಂದ್ರಿಕೆ ತಟ್ಟೆಗೆ ಬಿಟ್ಟ ದಿನ, ಹುಳು ಹಣ್ಣಾದ ದಿನ ಎಂದು ಹಿಂದಕ್ಕೆ ಎಣಿಸುತ್ತಾ ಹೋದೆವು. ತಾರೀಕು ಮೂರು ದಿನಗಳ ಅಂತರದೊಳಗೆ ಬಂದು ನಿಂತಿತು.

ಆಮೇಲೆ ಅದೇ ಹೊತ್ತಿಗೆ ಅದೇ ಜಾಗದಲ್ಲಿ ಅವರ ಜೊತೆ ನಿಲ್ಲಿ. ಎಷ್ಟು ದೊಡ್ಡದಿತ್ತು ಎಂದರೆ ಎಲ್ಲರೂ ಮೊರದಷ್ಟು ಎನ್ನುತ್ತಾರೆ. ಕೈ ಚಾಚಿಸಿ. ಮುಷ್ಟಿಯ ಅಗಲ ಸುಮಾರು 10 ಡಿಗ್ರಿ, ಕಿರುಬೆರಳಿನದು 1 ಡಿಗ್ರಿ, ಹುಣ್ಣಿಮೆಯ ಚಂದ್ರ ಅರ್ಧ ಡಿಗ್ರಿ. ಅಜ್ಜಿಯ ಬೆಳಕು ಕಿರುಬೆರಳಿನ ಹಿಂದೆ ಪೂರ್ತಿ ಅಡಗುತ್ತಿತ್ತು. ಶುಕ್ರಗ್ರಹವಿರಬಹುದೇ ಎಂದೆ. "ಬೆಳ್ಳಿ ಚುಕ್ಕಿ ನನಗೆ ಗೊತ್ತಿಲ್ಲವೇ? ಅದರ ಎಡಕ್ಕೆ ಎರಡು ಮುಷ್ಟಿ ದೂರ ಇತ್ತು" ಎಂದರು. ಅಂಥ ಸಾಕ್ಷಿಯ ಮುಂದೆ ಕುಳಿತು ಪಾಠ ಹೇಳಬಾರದು.

ಉಳಿದದ್ದನ್ನು ಮನೆಗೆ ಬಂದು ಪರೀಕ್ಷಿಸಿ: ಸಾಲು ದೀಪವಾದರೆ ಸ್ಟಾರ್‌ಲಿಂಕ್ ಉಪಗ್ರಹಗಳಿರಬಹುದು, ನಿಂತಂತೆ ಕಂಡರೆ ದೇವನಹಳ್ಳಿಗೆ ಇಳಿಯಲು ನೇರವಾಗಿ ನಿಮ್ಮತ್ತಲೇ ಬರುತ್ತಿರುವ ವಿಮಾನವಿರಬಹುದು.

ಕಾರಣ ಸಿಗದಿದ್ದರೆ 'ಗೊತ್ತಾಗಲಿಲ್ಲ' ಎಂದೇ ಬರೆಯಿರಿ. ಇಂಥ ವರದಿಗಳ ತನಿಖೆಗೆಂದೇ ಇದ್ದ ಬ್ಲೂ ಬುಕ್ ಯೋಜನೆಯನ್ನು 1969ರಲ್ಲಿ ಮುಚ್ಚಿದಾಗ ಅಮೆರಿಕದ ವಾಯುಪಡೆ 12,618 ವರದಿಗಳಲ್ಲಿ 701ನ್ನು ಹಾಗೆಯೇ ಉಳಿಸಿತು. ಕೋರಲ್ ಮತ್ತು ಜಿಮ್ ಲೊರೆನ್ಜೆನ್ ದಂಪತಿ ಸರ್ಕಾರವನ್ನು ಕಾಯದೆ 1952ರಲ್ಲೇ ಆಪ್ರೋ ಎಂಬ ನಾಗರಿಕರ ಸಂಘ ಕಟ್ಟಿ ವರದಿ ಕೂಡಿಸಿದರು. ನಮ್ಮ ಕೆಲಸಕ್ಕೂ ಬೇಕಾದದ್ದು ಒಂದು ನೋಟ್‌ಬುಕ್, ತಾಳ್ಮೆಯ ನಾಲ್ಕು ಜನ. ಕಂಡವರ ಹೆಸರನ್ನು ಮಾತ್ರ ಯಾರಿಗೂ ಕೊಡಬೇಡಿ; ಊರಿನ ನಗೆಯನ್ನು ಅನುಭವಿಸುವವರು ಅವರು.

ಅವರ ಮನೆಯಿಂದ ಹೊರಡುವ ಮುನ್ನ, ಬರೆದದ್ದನ್ನು ಅವರಿಗೆ ಓದಿ ಹೇಳಿ. ನಾನು 'ಕೆಂಪು ಬೆಳಕು' ಎಂದು ಬರೆದಿದ್ದೆ. ಅಜ್ಜಿ ತಡೆದರು: "ಕೆಂಪಲ್ಲ, ಬೂದಿ ಕವಿಯುವ ಮುಂಚಿನ ಕೆಂಡ." ಹೊಡೆದುಹಾಕಿ ಹಾಗೆಯೇ ಬರೆದೆ.