ನಾಯಿ ಗಾಯಕ್ಕೆ ಮೊದಲು ಉಪ್ಪುನೀರು

ಮಹಡಿ ಮನೆಯ ಹುಡುಗಿ ಮೊನ್ನೆ ಗಾಬರಿಯಿಂದ ಬಾಗಿಲು ಬಡಿದಳು. ಒಂದು ಕೈಲಿ ಡೆಟಾಲ್ ಬಾಟಲಿ, ಇನ್ನೊಂದು ಕೈಲಿ ನಾಯಿಯ ಬೆಲ್ಟ್. "ಆಂಟಿ, ಫುಟ್‌ಪಾತ್‌ನಲ್ಲಿ ಗಾಜು ಚುಚ್ಚಿದೆ. ಇದನ್ನ ಎಷ್ಟು ಹಾಕ್ಬೇಕು?" ನಾನು ಬಾಟಲಿ ಕಿತ್ತುಕೊಂಡು ಕಿಟಕಿ ಮೇಲಿಟ್ಟೆ. ಒಲೆ ಮೇಲೆ ನೀರಿಟ್ಟೆ.

ಡೆಟಾಲ್ ಉರಿಯುತ್ತದೆ. ಉರಿದರೆ ನಾಯಿ ನೆಕ್ಕುತ್ತದೆ. ಗಾಯಕ್ಕೆ ನಾವು ಏನೇ ಹಚ್ಚಿದರೂ ಅರ್ಧ ಅದರ ಹೊಟ್ಟೆಗೇ ಹೋಗುತ್ತದೆ ಅಂತ ಮೊದಲೇ ಲೆಕ್ಕ ಹಾಕಿಕೊಳ್ಳಿ. ಹೈಡ್ರೋಜನ್ ಪೆರಾಕ್ಸೈಡ್ ನೊರೆ ಬರುವುದನ್ನು ನೋಡಿ ಗಾಯ ಶುದ್ಧವಾಯಿತು ಅಂದುಕೊಳ್ಳುತ್ತೇವೆ. ಅದು ಹೊಸದಾಗಿ ಕೂಡಿಕೊಳ್ಳುವ ಚರ್ಮವನ್ನೂ ಕೆಡಿಸುತ್ತದೆ. ಸ್ಪಿರಿಟ್ಟೂ ಬೇಡ.

ಅರ್ಧ ಲೀಟರ್ ನೀರು ಚೆನ್ನಾಗಿ ಕುದಿಸಿ, ಒಂದು ಟೀ ಚಮಚ ಉಪ್ಪು ಹಾಕಿ. ಗೋಪುರದ ಹಾಗೆ ತುಂಬಬೇಡಿ, ಮಟ್ಟವಾಗಿರಲಿ. ಉಗುರುಬೆಚ್ಚಗಾದ ಮೇಲೆ ಸೂಜಿ ಇಲ್ಲದ ಸಿರಿಂಜಿನಲ್ಲಿ ತುಂಬಿ ಗಾಯದ ಮೇಲೆ ಹಾಯಿಸಿ. ಮಣ್ಣು, ಕೂದಲು ಹೋಗುವವರೆಗೂ ಹಾಯಿಸಿ. ಹತ್ತಿಯಲ್ಲಿ ಒರೆಸಬೇಡಿ, ಎಳೆ ಒಳಗೇ ಉಳಿಯುತ್ತದೆ. ಒಗೆದು ಇಸ್ತ್ರಿ ಮಾಡಿದ ಹಳೆ ಪಂಚೆ ತುಂಡು ಸಾಕು. ರಕ್ತ ಬರ್ತಿದ್ದರೆ ಅದೇ ಬಟ್ಟೆ ಒತ್ತಿ 5 ನಿಮಿಷ ಹಿಡಿಯಿರಿ. ನಡುನಡುವೆ ಎತ್ತಿ ನೋಡಬೇಡಿ. 10 ನಿಮಿಷವಾದರೂ ನಿಲ್ಲದಿದ್ದರೆ ಆಟೋ ಕರೆಯಿರಿ. ಇಷ್ಟೆಲ್ಲ ಮಾಡುವ ಮುಂಚೆ ಇನ್ನೊಬ್ಬರು ನಾಯಿಯ ತಲೆ ಹಿಡಿದುಕೊಂಡಿರಲಿ. ನೋವಾದಾಗ ಎಂಥ ಸಾಧು ನಾಯಿಯೂ ಬಾಯಿ ಹಾಕುತ್ತದೆ.

ತೊಳೆದ ಮೇಲೆ ಬೆಟಾಡಿನ್ ದ್ರಾವಣ ಹಾಕಬಹುದು, ಆದರೆ ನೀರು ಬೆರೆಸಿ, ಹಾಲಿಲ್ಲದ ತೆಳು ಟೀ ಬಣ್ಣ ಬರುವಷ್ಟು.

ಅರಿಶಿನ ಹಾಕಲ್ವಾ ಅಂತ ನನ್ನ ವಯಸ್ಸಿನವರು ಕೇಳುತ್ತಾರೆ. ನಾನೂ ಹಾಕುತ್ತಿದ್ದವಳೇ. ನಮ್ಮ ನಾಯಿ ಕೆಂಪ ಇದ್ದಾಗ ಅವನ ಅಂಗಾಲಿಗೆ ಅರಿಶಿನ, ಕೊಬ್ಬರಿ ಎಣ್ಣೆ ಕಲಸಿ ಮೆತ್ತಿದೆ. ಮನೆಯೆಲ್ಲ ಹಳದಿ ಹೆಜ್ಜೆ. ನಾಲ್ಕು ದಿನವಾದರೂ ಕುಂಟುವುದು ನಿಲ್ಲಲಿಲ್ಲ. ಡಾಕ್ಟರು ಆ ಮೆತ್ತನ್ನೆಲ್ಲ ತೊಳೆದು ನೋಡಿದರೆ ಒಳಗೆ ಜೀರಿಗೆಯಷ್ಟು ಗಾಜು! ನನ್ನ ಅರಿಶಿನವೇ ಅದನ್ನು ಮುಚ್ಚಿಟ್ಟಿತ್ತು. ಅಂದಿನಿಂದ ಬಾಯಿ ತೆರೆದ ಗಾಯಕ್ಕೆ ಯಾವ ಪುಡಿಯನ್ನೂ ಹಾಕಿಲ್ಲ.

ಮಳೆಗಾಲದಲ್ಲಿ ಕಾಟ ಕೊಡುವುದು ನೊಣ. ಗಾಯದ ಮೇಲೆ ಮೊಟ್ಟೆಯಿಟ್ಟರೆ ಒಂದೇ ದಿನದಲ್ಲಿ ಹುಳು ಬೀಳುತ್ತದೆ. ಕಿವಿ ತುದಿ, ಬಾಲದ ಬುಡ ದಿನಾ ನೋಡಿ. ಕೆಟ್ಟ ವಾಸನೆ ಬಂದರೆ ಅದೇ ಅಂತ ತಿಳಿಯಿರಿ. ಸೀಮೆಎಣ್ಣೆ, ಫಿನಾಯಿಲ್, ನುಸಿಗುಳಿಗೆ ಪುಡಿ, ಇವೆಲ್ಲ ವಿಷ. ಹುಳು ಬಿದ್ದ ಗಾಯ ಮನೆಯಲ್ಲಿ ನೋಡುವಂಥದ್ದಲ್ಲ. ಹಾಗೆಯೇ ಕಜ್ಜಿ ಹತ್ತಿದ ಬೀದಿ ನಾಯಿಗೆ ಗ್ಯಾರೇಜಿನ ಹಳೆ ಇಂಜಿನ್ ಆಯಿಲ್ ಬಳಿಯುವವರಿದ್ದಾರೆ. ಪಾಪ, ಒಳ್ಳೆಯದಕ್ಕೇ ಮಾಡುತ್ತಾರೆ. ನಾಯಿ ಅದನ್ನೂ ನೆಕ್ಕುತ್ತದೆ.

ಕೆರೆತದ ವಿಷಯ ಬೇರೆ. ಮಳೆಯಲ್ಲಿ ನೆನೆದು ಬಂದ ನಾಯಿಯನ್ನು ಹಾಗೇ ಬಿಟ್ಟರೆ ಬೆಲ್ಟಿನ ಕೆಳಗೆ, ಬೆರಳ ಸಂದಿಯಲ್ಲಿ ತೇವ ನಿಲ್ಲುತ್ತದೆ. ಅಲ್ಲಿ ನೆಕ್ಕಿ ನೆಕ್ಕಿ, ಬೆಳಿಗ್ಗೆ ಇಲ್ಲದ ಕೆಂಪು ಹಸಿ ಹುಣ್ಣು ಸಂಜೆಗೆ ಅಂಗೈಯಗಲ ಆಗಿರುತ್ತದೆ. ಸುತ್ತಲಿನ ಕೂದಲು ಕತ್ತರಿಸಿ, ಉಪ್ಪುನೀರಲ್ಲಿ ದಿನಕ್ಕೆ ಎರಡು ಮೂರು ಸಲ ತೊಳೆದು, ಒತ್ತಿ ಒಣಗಿಸಿ, ಗಾಳಿಗೆ ಬಿಡಿ. ಬ್ಯಾಂಡೇಜ್ ಕಟ್ಟಬೇಡಿ. ಎರಡು ದಿನದಲ್ಲಿ ಒಣಗದಿದ್ದರೆ ಡಾಕ್ಟರಿಗೆ ತೋರಿಸಿ. ಬರೀ ತುರಿಕೆಯಿದ್ದರೆ ಬೇವಿನ ಸೊಪ್ಪು ಕುದಿಸಿ ಆರಿಸಿದ ನೀರನ್ನು ಸ್ನಾನದ ಕೊನೆಗೆ ಹುಯ್ಯುತ್ತೇನೆ, ನಮ್ಮ ನಾಯಿಗಳಿಗೆ ಹಿತವಾಗಿದೆ. ಅಂಗಡಿಯ ಬೇವಿನೆಣ್ಣೆಯನ್ನು ಹಾಗೇ ಹಚ್ಚಬೇಡಿ, ಉರಿಯುತ್ತದೆ, ನೆಕ್ಕಿದರೆ ವಾಂತಿ. ನಮ್ಮ ಸೋಪು, ಶಾಂಪೂ ಅದಕ್ಕೆ ಜಾಸ್ತಿ ಖಾರ, ಚರ್ಮ ಒಣಗಿ ಇನ್ನೂ ಕೆರೆದುಕೊಳ್ಳುತ್ತದೆ. ದುಂಡಗೆ ಕೂದಲು ಉದುರಿದ್ದರೆ ಹುಳುಕಡ್ಡಿ ಇರಬಹುದು. ಅದು ಮನೆ ಮಕ್ಕಳಿಗೂ ಹತ್ತುತ್ತದೆ.

ಉಣ್ಣಿ ಸಿಕ್ಕಿದರೆ ಕಡ್ಡಿ ಗೀರಿ ಸುಡಬೇಡಿ, ಬೆರಳಲ್ಲಿ ಹಿಸುಕಲೂಬೇಡಿ. ಚಿಮಟದಲ್ಲಿ ಚರ್ಮದ ಹತ್ತಿರವೇ ಹಿಡಿದು ನೇರವಾಗಿ ಎಳೆದು, ಸೋಪಿನ ನೀರಿಗೆ ಹಾಕಿ. ಆಮೇಲೆ ಜ್ವರ, ಊಟ ಬಿಡುವುದು, ವಸಡು ಬಿಳಚಿಕೊಳ್ಳುವುದು ಕಂಡರೆ ಉಣ್ಣಿ ಜ್ವರ ಇರಬಹುದು, ತಡ ಮಾಡಬೇಡಿ.

ಇನ್ನೊಂದು ನಾಯಿ ಕಚ್ಚಿದ ಗಾಯವಾದರೆ ಕೈಗೆ ಗ್ಲೌಸ್ ಹಾಕಿಕೊಳ್ಳಿ. ನಲ್ಲಿ ನೀರು, ಸೋಪಿನಲ್ಲಿ 15 ನಿಮಿಷ ತೊಳೆದು ಅವತ್ತೇ ಆಸ್ಪತ್ರೆಗೆ ಹೋಗಿ. ರೇಬಿಸ್ ಲಸಿಕೆ ಮುಂಚೆಯೇ ಆಗಿದ್ದರೂ ಮತ್ತೆ ಹಾಕಿಸಬೇಕಾಗುತ್ತದೆ. ಹಲ್ಲಿನ ತೂತು ಮೇಲೆ ಸಾಸಿವೆಯಷ್ಟೇ ಕಂಡರೂ ಒಳಗೆ ಆಳವಾಗಿರುತ್ತದೆ. ನಿಮ್ಮ ಕೈಗೇ ಹಲ್ಲು ತಾಗಿದ್ದರೆ ಅದನ್ನೂ ಹಾಗೇ ತೊಳೆದು ನಿಮ್ಮ ಡಾಕ್ಟರ ಹತ್ತಿರ ಓಡಿ. ನಮ್ಮ ಬೆಂಗಳೂರಿನಲ್ಲಾದರೆ ಹೆಬ್ಬಾಳದ ಪಶುವೈದ್ಯ ಕಾಲೇಜು, ಕ್ವೀನ್ಸ್ ರಸ್ತೆಯ ಸರ್ಕಾರಿ ಪಶು ಆಸ್ಪತ್ರೆ ಎರಡೂ ಊರೊಳಗೇ ಇವೆ. ಲಸಿಕೆ ಪುಸ್ತಕ ಮರೀಬೇಡಿ.

ನೋವಿಗೆ ಅಂತ ಮನೆಯಲ್ಲಿರುವ ಮಾತ್ರೆ ಮಾತ್ರ ಕೊಡಲೇಬೇಡಿ. ಪ್ಯಾರಸಿಟಮಾಲ್, ಬ್ರೂಫೆನ್, ಡೈಕ್ಲೋಫಿನ್ಯಾಕ್, ನಮಗೆ ಸಲೀಸಾದ ಇವು ನಾಯಿಯ ಲಿವರ್, ಹೊಟ್ಟೆ, ಕಿಡ್ನಿಯನ್ನು ಹಾಳು ಮಾಡುತ್ತವೆ.

ಆ ಹುಡುಗಿಯ ನಾಯಿಗೆ ಗಾಜು ಮೇಲೇ ಇತ್ತು, ಸಲೀಸಾಗಿ ಬಂತು. ತೊಳೆದು, ನೆಕ್ಕದ ಹಾಗೆ ಮೊಮ್ಮಗನ ಹಳೆ ಸಾಕ್ಸ್ ಹಾಕಿ, ಮೇಲೆ ಸಡಿಲವಾಗಿ ಪಟ್ಟಿ ಕಟ್ಟಿದೆವು. ಬೆರಳು ತೂರುವಷ್ಟು ಸಡಿಲ ಇರಬೇಕು, ಇಲ್ಲದಿದ್ದರೆ ಪಾದ ಊದುತ್ತದೆ. ಸಾಕ್ಸ್ ಒದ್ದೆಯಾದರೆ ತಕ್ಷಣ ಬದಲಿಸಿ ಅಂದಿದ್ದೆ. ಅದು ಬದಲಿಸುವ ಮುಂಚೆಯೇ ಕಚ್ಚಿ ಎಳೆದುಹಾಕಿತಂತೆ. ಈಗ ಕುತ್ತಿಗೆಗೆ ಪ್ಲಾಸ್ಟಿಕ್ ಕೋನ್ ಹಾಕಿಕೊಂಡು ಮೆಟ್ಟಿಲಿಗೆಲ್ಲ ಡಿಕ್ಕಿ ಹೊಡೆದುಕೊಂಡು ಓಡಾಡುತ್ತಿದೆ.